ಗಿರಣಿ ಕಾಕಾರ ಕುತ್ತಿಗೆ

ನಮ್ಮೂರಿನಲ್ಲಿ ಸುಮಾರು ಎರಡು ವರ್ಷ ನನಗೆ ಕೈಗುಣ ಇದೆ ಎಂದು ಜನ ನಂಬಿದ್ದರು. ಸುಳ್ಳೇಕೆ ಹೇಳಲಿ, ನಾನೂ ನಂಬಿದ್ದೆ. ಆ ನಂಬಿಕೆಯ ದೆಸೆಯಿಂದ ಬಾಜು ಮನೆಯ ಗಿರಣಿ ಕಾಕಾರ ಮಾತು ಹೋಯಿತು, ಬಲಗೈ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಓದುವವರನ್ನು ಆಡಿಸುವ ಜಾಣತನ ನನಗೆ ಬೇಡ. ಆ ವಿಷಯದಲ್ಲಿ ನಾನು ತೋರಿಸಿದ ಜಾಣತನವೇ ಸಾಕಾಗಿದೆ.

ಎಂಬತ್ತರ ದಶಕದ ನಡುವಿನ ವರ್ಷಗಳು. ಊರು ಶಲವಡಿ. ನನಗೆ ಇಪ್ಪತ್ತೆರಡು ತುಂಬಿತ್ತು. ಮೆಟ್ರಿಕ್‌ನಲ್ಲಿ ಗಣಿತಕ್ಕೆ ಎರಡು ಸಲ ಡುಮ್ಕಿ ಹೊಡೆದು ಮನೆ ಸೇರಿದ್ದೆ. ನೋಡಲು ಬಂದ ಗಂಡಿನ ಕಡೆಯವರು ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೀವ್ರಿ" ಎಂದು ಹೋಗುತ್ತಿದ್ದರು. ಯಾರೂ ತಿಳಿಸಲಿಲ್ಲ. ಅಪ್ಪ ದಿನವೆಲ್ಲ ಹೊಲದಲ್ಲಿ ಇರುತ್ತಿದ್ದ. ಮನೆಯಲ್ಲಿ ನಾನು ಮತ್ತು ಅವ್ವ. ಒಬ್ಬರ ಮುಖ ಒಬ್ಬರು ನೋಡಿ ಬೇಸತ್ತು ಸಣ್ಣ ಸಣ್ಣ ಮಾತಿಗೆ ಜಗಳ ಕಾಯುತ್ತಿದ್ದೆವು.

ಅಂಥ ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯನ್ನೇ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು. "ಎದ್ಯಾಗ ಏನೋ ಓಡಾಕತ್ತೈತಿ ನೋಡ" ಎಂದಳು. ಮುಖ ಬೆವೆತಿತ್ತು. ಕೊರಳಿನಲ್ಲಿದ್ದ ಲಿಂಗದ ಕರಡಿಗೆ ಸೀರೆಯ ಮೇಲೆ ಟಕಟಕ ಕುಣಿಯುತ್ತಿತ್ತು. ಜಗಳವಾಡಿದ್ದೆನಲ್ಲ, ನನ್ನಿಂದಲೇ ಆಯಿತೆಂದು ಹೆದರಿ ಅತ್ತುಬಿಟ್ಟೆ. ಬೆಳಗಿನ ಬಸ್ಸು ಹಿಡಿದು ಅಣ್ಣಿಗೇರಿಗೆ ಕರೆದುಕೊಂಡು ಹೋದೆ.

ಅಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ವಯಸ್ಸಾದ ಡಾಕ್ಟರೊಬ್ಬರು ಅವ್ವನ ನಾಡಿ ಹಿಡಿದರು. ಉಸಿರು ಬಿಗಿಹಿಡಿದು ಮುಕ್ಕರಿಯಲು ಹೇಳಿದರು. ತಣ್ಣೀರು ಕುಡಿಸಿದರು. ಯಾವುದಕ್ಕೂ ಎದೆ ಜಗ್ಗಲಿಲ್ಲ. ಆಮೇಲೆ ಸ್ಟೆಥಾಸ್ಕೋಪನ್ನು ಎದೆ ಬಿಟ್ಟು ಕುತ್ತಿಗೆಗೆ ಹಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಹಳ ಹೊತ್ತು ಕೇಳಿದರು. ಕುತ್ತಿಗೆಯಲ್ಲಿ ಕೇಳುವುದೇನಿದೆ ಎಂದು ನನಗೆ ನಗು ಬರುವ ಹಾಗಾಯಿತು. ಡಾಕ್ಟರಾದವರು ಅದನ್ನು ಎಲ್ಲೆಲ್ಲೋ ಹಚ್ಚುತ್ತಾರೆ, ಅದೊಂದು ಶಾಸ್ತ್ರ ಎಂದುಕೊಂಡೆ. ಕೊನೆಗೆ ಅವರು ಅವ್ವನ ದವಡೆಯ ಕೆಳಗೆ, ಬಲಗಡೆ, ಎರಡು ಬೆರಳಿಟ್ಟು ಕೆಲವು ಕ್ಷಣ ಮೆತ್ತಗೆ ಒತ್ತಿ ತಿಕ್ಕಿದರು. ಅವ್ವ ಕಣ್ಣು ಬಿಟ್ಟಳು. "ನಿಂತಿತ್ರೀ" ಎಂದಳು. ಕರಡಿಗೆಯೂ ಸುಮ್ಮನಾಗಿತ್ತು.

ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಡಾಕ್ಟರಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. "ಎದಿ, ಹೊಟ್ಟಿ, ಬೆವರು ಇವೆಲ್ಲ ನಾವು ಹೇಳಿದಂಗ ಕೇಳೂದಿಲ್ಲವಾ. ತಮ್ಮಷ್ಟಕ್ಕ ತಾವು ನಡೀತಾವು. ಓಡಸಾಕ ಒಂದು ನರ, ತಡಿಯಾಕ ಒಂದು ನರ. ತಡಿಯೂ ನರ ಮೆದುಳಿನಿಂದ ಕುತ್ತಿಗಿ ಹಾದು ಎದಿಗೆ ಇಳಿದೈತಿ. ಇಲ್ಲಿ ಒತ್ತಿದ್ರ ಅದಕ್ಕ ಸುದ್ದಿ ಮುಟ್ಟತೈತಿ. ಸೂಜಿ ಬ್ಯಾಡ, ಗುಳಿಗಿ ಬ್ಯಾಡ" ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ನನ್ನ ಎದೆ ನನ್ನನ್ನು ಒಂದು ಮಾತೂ ಕೇಳದೆ ನಡೆಯುತ್ತಿದೆ. ನನ್ನದೇ ಮನೆಯಲ್ಲಿ ನನಗೆ ಗೊತ್ತಿಲ್ಲದ ಸಂಸಾರವೊಂದು ಇದ್ದ ಹಾಗೆ. ಆದರೆ ಅದರ ಬಾಗಿಲು ಕುತ್ತಿಗೆಯಲ್ಲಿದೆ, ಹೊರಗಿನಿಂದ ಬೆರಳಿಟ್ಟರೆ ಸಾಕು, ತೆರೆಯುತ್ತದೆ. ಗಣಿತದಲ್ಲಿ ಡುಮ್ಕಿ ಹೊಡೆದವಳಿಗೆ ಇಷ್ಟು ದೊಡ್ಡ ವಿಷಯ ತಿಳಿಯಿತಲ್ಲ ಎಂದು ಹಿಗ್ಗಾಯಿತು.

ಆಮೇಲೆ ನಾಲ್ಕು ಸಲ ಅಣ್ಣಿಗೇರಿಗೆ ಹೋದೆವು. ಪ್ರತಿಸಲವೂ ನಾನು ಡಾಕ್ಟರ ಬೆರಳನ್ನೇ ನೋಡುತ್ತಿದ್ದೆ. ಐದನೆಯ ಸಲ ಎದೆ ಓಡಲು ಶುರುವಾದಾಗ ಮಳೆ ಹಿಡಿದಿತ್ತು. ಎರೆಮಣ್ಣಿನ ದಾರಿಯಲ್ಲಿ ಬಸ್ಸು ಬಂದಿರಲಿಲ್ಲ, ಟ್ರ್ಯಾಕ್ಟರೂ ಕದಲುವಂತಿರಲಿಲ್ಲ. ಅವ್ವನ ತುಟಿ ಬಿಳಿಚಿಕೊಳ್ಳುತ್ತಿತ್ತು. ನಾನು ಅವಳ ದವಡೆಯ ಕೆಳಗೆ ಬೆರಳಿಟ್ಟೆ. ಒತ್ತಿದೆ. ಬೆರಳ ಕೆಳಗೆ ದಡದಡ ಓಡುತ್ತಿದ್ದದ್ದು ಒಮ್ಮೆಲೇ ನಿಂತುಹೋಯಿತು. ಪೂರ್ತಿ ನಿಂತುಹೋಯಿತು. ಕೊಂದೆನಲ್ಲಪ್ಪ ಎಂದುಕೊಂಡೆ. ಅಷ್ಟರಲ್ಲಿ ಒಂದು ಬಡಿತ, ಮತ್ತೊಂದು ಬಡಿತ, ಏನೂ ಆಗಿಲ್ಲವೆಂಬಂತೆ ಸಾವಕಾಶವಾಗಿ ಬಂದವು. ಅವ್ವ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಮೆಚ್ಚಲಿಲ್ಲ. ಸಿಟ್ಟಾದರು. "ಯಾರು ಹೇಳಿದ್ರು ನಿನಗ? ಹೋಗ್ಲಿ, ನಿಮ್ಮವ್ವನ ಕುತ್ತಿಗಿ ನಾ ನೋಡೇನಿ, ಅದಕ್ಕೇನೂ ಆಗೂದಿಲ್ಲ. ಬ್ಯಾರೆ ಯಾರ ಕುತ್ತಿಗಿಗೂ ಕೈ ಹಚ್ಚೀಯ ಮತ್ತ. ತಿಳೀತಿಲ್ಲ?" ಎಂದರು. ತಿಳೀತ್ರಿ ಎಂದೆ. ಯಾಕೆ ಹಚ್ಚಬಾರದು ಎಂದು ಕೇಳಲಿಲ್ಲ. ತಮ್ಮ ಕಸುಬಿಗೆ ನಾನು ಕೈ ಹಾಕಿದೆನೆಂದು ಮುದುಕನಿಗೆ ಹೊಟ್ಟೆಕಿಚ್ಚು ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟೆ. ಇವತ್ತಿಗೂ ಆ ತೀರ್ಮಾನ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅವ್ವ ಊರಿಗೆಲ್ಲ ಹೇಳಿದಳು. ನಮ್ಮ ಕಡೆ ಇಂಥದ್ದಕ್ಕೆ ವಿದ್ಯೆ ಅನ್ನುವುದಿಲ್ಲ, ಕೈಗುಣ ಅನ್ನುತ್ತಾರೆ. ವಿದ್ಯೆಯಾದರೆ ಯಾರು ಬೇಕಾದರೂ ಕಲಿಯಬಹುದು, ತಪ್ಪೂ ಮಾಡಬಹುದು. ಕೈಗುಣ ಹಾಗಲ್ಲ. ಅದು ಒಬ್ಬರ ಕೈಯಲ್ಲಿ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ಇರುವುದಿಲ್ಲ. ಅದಕ್ಕೆ ಅದರದೇ ಕಟ್ಟಳೆಗಳಿವೆ. ಏನೂ ತೆಗೆದುಕೊಳ್ಳಬಾರದು. ಹೇಗೆ ಮಾಡುತ್ತೇನೆಂದು ಯಾರಿಗೂ ಬಿಡಿಸಿ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಕೇಳಿಕೊಂಡು ಬಂದವರನ್ನು ಬರಿಗೈಲಿ ತಿರುಗಿ ಕಳಿಸಬಾರದು, ಕಳಿಸಿದರೂ ಗುಣ ಹೋಗುತ್ತದೆ. ಹೀಗೆ ಆಯಿತೆಂದರೆ ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ, ಒಲ್ಲೆ ಅನ್ನುವ ಹಾಗೂ ಇಲ್ಲ.

ಬಾಣಂತಿಯರು ಬಂದರು, ಕಳೆ ತೆಗೆಯುವಾಗ ತಲೆ ಸುತ್ತಿ ಬಿದ್ದವರು ಬಂದರು, ಅತ್ತೆಯ ಬೈಗುಳಕ್ಕೆ ಎದೆ ಹಾರುವ ಸೊಸೆಯಂದಿರು ಬಂದರು. ನನ್ನ ಬೆರಳು ತಾಗಿದೊಡನೆ ಅರ್ಧ ಜನಕ್ಕೆ ವಾಸಿಯಾಗುತ್ತಿತ್ತು. ಅವರಿಗೆ ಬೇಕಿದ್ದದ್ದು ಯಾರಾದರೂ ಐದು ನಿಮಿಷ ಕೂಡಿಸಿಕೊಂಡು ಮುಟ್ಟುವುದಷ್ಟೇ ಇರಬೇಕು. ನನಗೆ ಮಾತ್ರ ಕೊಂಬು ಬಂದಿತ್ತು. ಬಾವಿಗೆ ಹೋದರೆ ಹಿರಿಯ ಹೆಂಗಸರೂ ದಾರಿ ಬಿಡುತ್ತಿದ್ದರು. "ತಿಳಸ್ತೀವ್ರಿ" ಎಂದು ಹೋಗಿದ್ದ ಮೊರಬದ ಒಂದು ಮನೆಯವರು ಮತ್ತೆ ಹೇಳಿ ಕಳಿಸಿದರು. ಈಗ ನಾನೇ ಒಲ್ಲೆ ಎಂದೆ. ಒಲ್ಲೆ ಎನ್ನುವಾಗ ಎಷ್ಟು ಸುಖವಾಯಿತು ಎಂದರೆ ಅಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಡಾಕ್ಟರು ಒತ್ತುತ್ತಿದ್ದದ್ದು ಒಂದೇ ಕಡೆ. ನಮ್ಮ ಜನಕ್ಕೆ ಅದು ಸರಿಬರಲಿಲ್ಲ. ಕಾಲು ಒತ್ತಿದರೆ ಎರಡೂ ಒತ್ತಬೇಕು, ಒಂದು ಕಾಲಿಗೆ ಎಣ್ಣೆ ಹಚ್ಚಿ ಇನ್ನೊಂದನ್ನು ಬಿಟ್ಟರೆ ಆ ಕಾಲು ಸೋಲುತ್ತದೆ, ಇಬ್ಬರ ತಲೆ ಒಮ್ಮೆ ಡಿಕ್ಕಿಯಾದರೆ ಮತ್ತೊಮ್ಮೆ ಹಾಯಿಸಿಕೊಳ್ಳಬೇಕು. ಇದು ನಾವು ಹುಟ್ಟಿದಾಗಿನಿಂದ ಕಂಡ ಲೆಕ್ಕ. ಬಂದವರೆಲ್ಲ ಬಲಗಡೆ ಆದೊಡನೆ ತಾವೇ ಕುತ್ತಿಗೆ ಹೊರಳಿಸಿ ಎಡಗಡೆ ಕೊಡುತ್ತಿದ್ದರು. ನಾನು ಅದನ್ನೂ ಒತ್ತುತ್ತಿದ್ದೆ. ಒಂದು ಕಡೆ ಬಿಟ್ಟರೆ ನನಗೂ ಏನೋ ಅರೆಬರೆ ಮಾಡಿದಂತೆ ಅನಿಸುತ್ತಿತ್ತು.

ಗಿರಣಿ ಕಾಕಾ ಅಂದರೆ ನಮ್ಮ ಗೋಡೆಗೆ ಗೋಡೆ ಹಚ್ಚಿ ಹಿಟ್ಟಿನ ಗಿರಣಿ ಇಟ್ಟಿದ್ದ ಮುಸಲ್ಮಾನರು. ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಚಾಚಿ ಎಂದೂ ಕರೆಯುತ್ತಿದ್ದೆವು. ಇಬ್ಬರಿಗೆ ಎರಡು ಭಾಷೆಯ ಸಂಬಂಧ ಯಾಕೆ ಕಟ್ಟಿದೆವೋ ಗೊತ್ತಿಲ್ಲ. ಅರವತ್ತು ದಾಟಿತ್ತು ಅವರಿಗೆ. ಮೂವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಗಿರಣಿ ಬಂದಾದಾಗಲೂ ಊರಿಗೆಲ್ಲ ಕೇಳುವಂತೆಯೇ ಮಾತಾಡುತ್ತಿದ್ದರು. ಯಾರ ಮನೆಗೆ ಹಿಟ್ಟು ಸಣ್ಣಗಿರಬೇಕು, ಯಾರಿಗೆ ಸ್ವಲ್ಪ ತರಿ ಇರಬೇಕು, ಯಾರ ಜೋಳದಲ್ಲಿ ಹುಳ ಬಿದ್ದಿದೆ, ಎಲ್ಲವನ್ನೂ ಕೂಗಿಯೇ ಹೇಳುವರು. "ನಿಮ್ಮವ್ವನ ರೊಟ್ಟಿ ಹರದ್ರ ಅದು ನನ್ನ ತಪ್ಪಲ್ಲ, ಆಕಿ ಬಾಯಿ ತಪ್ಪು. ಬೈಕೋತ ಬಡದ್ರ ರೊಟ್ಟಿನೂ ಸಿಟ್ಟಾಗತಾವು" ಎಂದು ನನ್ನನ್ನು ಕಾಡಿಸುವರು. ನನ್ನ ಅಪ್ಪ ವರ್ಷಕ್ಕೆ ಆಡುವಷ್ಟು ಮಾತನ್ನು ಅವರು ಒಂದು ಡಬ್ಬಿ ಜೋಳ ಬೀಸುವುದರೊಳಗೆ ನನ್ನ ಸಂಗಡ ಆಡುತ್ತಿದ್ದರು. ನನಗೆ ಅವರೆಂದರೆ ಬಹಳ ಪ್ರೀತಿ. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ, ಹೇಳುವ ಪದ್ಧತಿಯೂ ಇಲ್ಲ.

ಸುಗ್ಗಿ ಮುಗಿದ ಮೇಲಿನ ಒಂದು ಮಧ್ಯಾಹ್ನ ಜೋಳದ ಡಬ್ಬಿ ಹೊತ್ತು ಹೋದೆ. ಕರೆಂಟ್ ಹೋಗಿತ್ತು. ಕಾಕಾ ಚೀಲದ ಮೇಲೆ ಕುಳಿತು ಎದೆ ನೀವಿಕೊಳ್ಳುತ್ತಿದ್ದರು.

"ಬಾ ತಂಗಿ. ಎರಡ ದಿನ ಆತು, ಎದಿ ಲಟಪಟ ಅನ್ನಾಕತ್ತೈತಿ. ಸ್ವಲ್ಪ ಒತ್ತು ನೋಡೂಣು" ಎಂದರು.

ನನಗೆ ಡಾಕ್ಟರ ಮಾತು ನೆನಪಾಗಲಿಲ್ಲ ಎಂದು ಬರೆದರೆ ಅದು ಸುಳ್ಳು. ನೆನಪಾಯಿತು. "ಅಣ್ಣಿಗೇರಿಗೆ ಹೋಗಿ ತೋರಿಸ್ರಿ ಕಾಕಾ" ಎಂದೆ.

"ಊರಿಗೆಲ್ಲ ಒತ್ತತಿ, ನಾ ಏನ ಪಾಪ ಮಾಡೇನಿ? ನನ್ನ ಕುತ್ತಿಗಿ ಏನ ಹಿಟ್ಟಿಂದೇನ, ಉದುರತೈತಿ?" ಎಂದು ನಕ್ಕರು.

ಬಲಗಡೆ ಬೆರಳಿಟ್ಟೆ. ಅವ್ವನ ಬಡಿತದ ಹಾಗೆ ಅದು ಓಡುತ್ತಿರಲಿಲ್ಲ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ, ಯಾವ ಲೆಕ್ಕಕ್ಕೂ ಸಿಗದಂತೆ ಬರುತ್ತಿತ್ತು. ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಒತ್ತಿದೆ, ಏನೂ ಬದಲಾಗಲಿಲ್ಲ. ಕಾಕಾ ಎಲ್ಲರಂತೆ ಕುತ್ತಿಗೆ ಹೊರಳಿಸಿದರು. "ಈ ಕಡಿನೂ ಮಾಡಿಬಿಡು" ಎಂದರು. ಬಲಗಡೆ ಸೋತದ್ದಕ್ಕೆ ನನಗೆ ಮುಖಭಂಗವಾದಂತಿತ್ತು. ಎಡಗಡೆ ಸ್ವಲ್ಪ ಹೆಚ್ಚೇ ಒತ್ತಿದೆ, ಹೆಚ್ಚು ಹೊತ್ತು ಒತ್ತಿದೆ.

"ಅಗದಿ ಹಗುರಾತು ನೋಡ" ಎಂದರು ಕಾಕಾ. ಅವರು ಸರಿಯಾಗಿ ಆಡಿದ ಕೊನೆಯ ಮಾತು ಅದು, ಅದೂ ನನ್ನ ಮನಸ್ಸಿಗೆ ಹಿತವಾಗಲೆಂದು ಆಡಿದ್ದು.

ಅಷ್ಟರಲ್ಲಿ ಕರೆಂಟ್ ಬಂತು. ಕಾಕಾ ಎದ್ದು ಸ್ಟಾರ್ಟರ್ ಹತ್ತಿರ ಹೋದರು. ಬಲಗೈ ಅರ್ಧ ಏರಿ ಕೆಳಗೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ತನ್ನದಲ್ಲದ ವಸ್ತುವನ್ನು ನೋಡುವಂತೆ ಆ ಕೈಯನ್ನು ನೋಡಿದರು. ನನ್ನ ಕಡೆ ತಿರುಗಿ ಏನೋ ಕೇಳಹೋದರು. ಬಾಯಿ ಒಂದು ಕಡೆಗೆ ಜಗ್ಗಿತು, ಮಾತು ಬರಲಿಲ್ಲ. ಹಿಟ್ಟು ಸಣ್ಣಗೆ ಬೀಸಲೋ ಎಂದು ಕೇಳುತ್ತಿದ್ದರೆಂದು ನನಗೆ ಅನಿಸಿತು. ಹಾಗೆಯೇ ಗೋಡೆಗೆ ಜಾರಿ ಕುಳಿತರು.

ಟ್ರ್ಯಾಕ್ಟರಿನ ಹಿಂದೆ ಜೋಳದ ಕಣಿಕೆ ಹಾಸಿ ಮಲಗಿಸಿ ಅಣ್ಣಿಗೇರಿಗೆ ಒಯ್ದೆವು. ಚಾಚಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಕಾಲ ಹತ್ತಿರ ಕುಳಿತಿದ್ದೆ. ಡಾಕ್ಟರು ನಾಡಿ ನೋಡಿದರು, ಕುತ್ತಿಗೆಗೆ ಸ್ಟೆಥಾಸ್ಕೋಪ್ ಹಚ್ಚಿದರು, ಎಡಗಡೆಯಲ್ಲಿ ಬಹಳ ಹೊತ್ತು ಹಿಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಅವರು ಕೇಳಲೇ ಇಲ್ಲ. ನಾನೇ, "ಒತ್ತಿದ್ನಿರಿ" ಎಂದೆ.

ಬೈಯುತ್ತಾರೆಂದು ಕಾದೆ. ಅವರು ಆ ನಳಿಗೆಯನ್ನು ತಮ್ಮ ಕಿವಿಯಿಂದ ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. ಕಾಕಾರ ಕುತ್ತಿಗೆಯೊಳಗೆ ಸುಂಯ್, ಸುಂಯ್ ಎಂದು ಸದ್ದಾಗುತ್ತಿತ್ತು, ಸಣ್ಣ ಸಂದಿನಲ್ಲಿ ನೀರು ನುಗ್ಗಿದಂತೆ. "ವಯಸ್ಸಾದವರ ರಕ್ತನಾಳದಾಗ ಒಳಗ ಕಿಲುಬು ಕಟ್ಟಿರತೈತಿ. ಒತ್ತಿದ್ರ ಅದರ ಚೂರು ಕಿತ್ತು ಮೆದುಳಿಗೆ ಹೋಗತೈತಿ. ಅದಕ್ಕ ನಾ ಮೊದಲ ನಳಿಗಿ ಹಚ್ಚಿ ಕೇಳತಿದ್ದೆ" ಎಂದರು. "ಇವರ ಎದಿ ಬಡಿತನೂ ಕೆಟ್ಟೈತಿ. ಅದರಿಂದನೂ ಹಿಂಗಾಗಬಹುದು. ನಿನ್ನ ಕೈಯಿಂದನ ಆತು ಅಂತ ಹೇಳಾಕ ಬರೂದಿಲ್ಲ, ಅಲ್ಲ ಅಂತ ಹೇಳಾಕನೂ ಬರೂದಿಲ್ಲ" ಎಂದು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಆ ಮಾತಿಗಿಂತ ನಾಲ್ಕು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಆಗ ನನಗೆ ಒಂದು ದಡವಾದರೂ ಸಿಗುತ್ತಿತ್ತು.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಒಂದು ತಿಂಗಳ ಮೇಲಿದ್ದು ಕಾಕಾ ಊರಿಗೆ ಬಂದರು. ಬಲಗಾಲನ್ನು ಎಳೆದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಕೈ ಬರಲಿಲ್ಲ. ಅಷ್ಟೊಂದು ಮಾತಿನಲ್ಲಿ ಒಂದೇ ಮಾತು ಉಳಿದಿತ್ತು, "ಹೌದ." ನೀರು ಬೇಕೇನ್ರಿ ಅಂದರೂ ಹೌದ, ಬ್ಯಾಡೇನ್ರಿ ಅಂದರೂ ಹೌದ. ನೋವಾದಾಗಲೂ ಹೌದ, ಸಿಟ್ಟು ಬಂದಾಗಲೂ ಹೌದ. ಮನಸ್ಸಿನಲ್ಲಿರುವುದು ಬೇರೆ, ಬಾಯಲ್ಲಿ ಬರುವುದು ಬೇರೆ ಎಂದು ಅವರಿಗೇ ತಿಳಿಯುತ್ತಿತ್ತು. ಆಗ ಎಡಗೈಯಿಂದ ತೊಡೆ ಬಡಿದುಕೊಂಡು ಅಳುತ್ತಿದ್ದರು. ಗಿರಣಿಯನ್ನು ಚಾಚಿಯ ತಮ್ಮ ಬಂದು ನಡೆಸತೊಡಗಿದ. ಅವನು ಯಾರ ಸಂಗಡವೂ ಮಾತಾಡುತ್ತಿರಲಿಲ್ಲ. ಎಲ್ಲರ ಹಿಟ್ಟೂ ಒಂದೇ ನಮೂನೆ ಬೀಳುತ್ತಿತ್ತು.

ಊರವರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀ ಅಲ್ಲಿದ್ದಿ ಅಂತ ಜೀವ ಉಳೀತು, ಇಲ್ಲಾಂದ್ರ ಅಲ್ಲೇ ಮುಗೀತಿತ್ತು" ಎಂದರು. ಹೊಸ ಹೊಸ ಜನ ಬರತೊಡಗಿದರು. ದೂರದ ಗುಡಗೇರಿಯಿಂದಲೂ ಒಂದು ಎತ್ತಿನ ಚಕ್ಕಡಿ ಬಂತು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಅವ್ವ ಹೊರಗೆ ನಿಂತು, ಬಂದವರನ್ನು ತಿರುಗಿ ಕಳಿಸಬಾರದು ಎಂದು ಬೈದಳು. ನಾನು ಬಾಗಿಲು ತೆಗೆಯಲಿಲ್ಲ. ಚಕ್ಕಡಿ ಬಹಳ ಹೊತ್ತು ನಿಂತು ತಿರುಗಿ ಹೋಯಿತು.

ಆ ವಾರವೇ ಅವ್ವನ ಎದೆ ಓಡಿತು. ನನ್ನ ಕೈ ಎಳೆದು ತನ್ನ ಕುತ್ತಿಗೆಗೆ ಇಟ್ಟುಕೊಂಡಳು. ಅವ್ವನ ಕುತ್ತಿಗೆಗೆ ಏನೂ ಆಗುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಒತ್ತಲು ಆಗಲೇ ಇಲ್ಲ. ಈಗ ನನ್ನ ಎದೆಯೇ ಓಡುತ್ತಿತ್ತು, ನನ್ನ ಅಂಗೈ ಬೆವೆತಿತ್ತು. ಡಾಕ್ಟರು ಮೊದಲ ದಿನ ತಣ್ಣೀರಿನಿಂದ ಎದೆ ತಡೆಯಲು ನೋಡಿದ್ದು ನೆನಪಾಗಿ, ಕೊಡದ ನೀರನ್ನು ಬೋಗುಣಿಗೆ ಸುರಿದು ಅವಳ ಮುಖವನ್ನು ಅದರಲ್ಲಿ ಮುಳುಗಿಸಿ ಹಿಡಿದೆ. ಎರಡನೆಯ ಸಲಕ್ಕೆ ನಿಂತಿತು. ಅವ್ವ ಮುಖ ಒರೆಸಿಕೊಂಡು, "ನಿನ್ನ ಗುಣಾ ಹೋತು" ಎಂದಳು. ಅವಳು ಹಾಗೆ ಅಂದದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಇದ್ದರಲ್ಲವೇ ಹೋಗುವುದು.

ಚಾಚಿಗೆ ಮಾತ್ರ ನಿಜ ಹೇಳಲೇಬೇಕೆಂದು ಒಂದು ದಿನ ಹೋದೆ. ಡಾಕ್ಟರು ಬೇಡವೆಂದದ್ದು, ಕುತ್ತಿಗೆಯ ಒಳಗಿನ ಸದ್ದು, ಎಡಗಡೆ ಹೆಚ್ಚು ಒತ್ತಿದ್ದು, ಎಲ್ಲವನ್ನೂ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಹಂಗ ಅನಬ್ಯಾಡವಾ. ಗುಟ್ಟು ಬಿಚ್ಚಿ ಹೇಳಿದ್ರ ಗುಣಾ ಹೋಗತೈತಿ. ಆಮ್ಯಾಲ ಇವರನ್ನ ಯಾರು ಆರಾಮ ಮಾಡವರು?" ಎಂದಳು. ಅವಳು ನನ್ನ ಮೇಲೆಯೇ ಭರವಸೆ ಇಟ್ಟು ಕುಳಿತಿದ್ದಳೆಂದು ನನಗೆ ಆಗ ತಿಳಿಯಿತು.

ಕಾಕಾ ಪಡಸಾಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೋಗಿ ಅವರೆದುರು ಕುಳಿತೆ. ಉಳಿದವರು ಯಾರೂ ಬೈಯದಿದ್ದರೂ ಇವರೊಬ್ಬರಿಗೆ ಬೈಯುವ ಹಕ್ಕಿತ್ತು. ಇವರು ಬೈದರೆ ಸಾಕು, ನಾನು ಹೇಗಾದರೂ ಬದುಕಿಕೊಳ್ಳುತ್ತೇನೆ ಅನಿಸಿತ್ತು.

"ಕಾಕಾ, ನಿಮಗ ಹಿಂಗಾಗಿದ್ದು ನನ್ನ ಕೈಯಿಂದ" ಎಂದೆ.

"ಹೌದ" ಎಂದರು.

ಅವರ ಕಣ್ಣನ್ನೇ ನೋಡಿದೆ. ಅದರಲ್ಲಿ ಸಿಟ್ಟು ಕಾಣಲಿಲ್ಲ, ಕ್ಷಮೆಯೂ ಕಾಣಲಿಲ್ಲ. ಏನೋ ಬೇಡುವಂತಿತ್ತು. ಎಡಗೈ ಚಾಚಿ ನನ್ನ ಬಲಗೈ ಹಿಡಿದರು. ಮೆಲ್ಲಗೆ ಎಳೆದು ತಮ್ಮ ದವಡೆಯ ಕೆಳಗೆ, ಎಡಗಡೆಗೇ, ಇಟ್ಟುಕೊಂಡರು. ಕಣ್ಣು ಮುಚ್ಚಿದರು. ನನ್ನ ಬೆರಳ ಕೆಳಗೆ ಅದು ಎರಡು ಬೇಗ, ಒಂದು ತಡವಾಗಿ ಬಡಿಯುತ್ತಿತ್ತು. ನಾನು ಒತ್ತಲಿಲ್ಲ. ಕೈ ತೆಗೆಯಲೂ ಆಗಲಿಲ್ಲ.

"ಒತ್ತವಾ, ಹೆದರಬ್ಯಾಡ" ಎಂದಳು ಚಾಚಿ ಬಾಗಿಲಿನಿಂದ.

"ಹೌದ" ಎಂದರು ಕಾಕಾ.